ಖಾದರ್ ಭಾಯಿ ಒಪ್ಪುವಂಥ ಅಕ್ಷರ

ಅಂಗಡಿಯಲ್ಲಿ ಪೆನ್ನು ಕೊಳ್ಳುವಾಗ ಬರೆದು ನೋಡಿ ಅಂತ ಒಂದು ಚೀಟಿ ಮುಂದಿಡುತ್ತಾರಲ್ಲ, ಅದರ ಮೇಲೆ ನೀವು ಏನು ಬರೆಯುತ್ತೀರಿ? ದೇವರ ಹೆಸರು ಎನ್ನುವವರನ್ನು ನಾನು ನಂಬುವುದಿಲ್ಲ. ಎಲ್ಲರೂ ಬರೆಯುವುದು ತಮ್ಮ ಹೆಸರನ್ನೇ. ಕೆಲವರು ಅದರ ಕೆಳಗೆ ಒಂದು ಗೆರೆಯನ್ನೂ ಎಳೆಯುತ್ತಾರೆ. ನಾನು ಗೆರೆ ಎಳೆಯುವವರ ಪೈಕಿ. ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ನನಗೆ 'ಬರೆಯೋ ಪುಟ್ಟಸ್ವಾಮಿ' ಎಂದೇ ಹೆಸರು. ಹಾಗಂತ ನಾನು ಸಾಹಿತಿಯೇನಲ್ಲ. ಚಾಮರಾಜನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ದಿನಾ ಬಸ್ಸಿನಲ್ಲಿ ಹೋಗಿ ನೆನಪೋಲೆ, ಜ್ಞಾಪನಗಳನ್ನು ಬರೆದು ಬಸ್ಸಿನಲ್ಲಿ ವಾಪಸಾಗುವವನು. ಆದರೂ ಬೀದಿಯಲ್ಲಿ ಯಾರಿಗಾದರೂ ಸನ್ಮಾನ ಎಂದರೆ ಬಿನ್ನವತ್ತಳೆ ಬರೆದು, ಅಚ್ಚು ಹಾಕಿಸಿ, ಚೌಕಟ್ಟು ಕಟ್ಟಿಸಿ ತರುವ ಹೊಣೆ ನನ್ನದೇ. ಕೊನೆಯಲ್ಲಿ 'ರಚನೆ: ಪುಟ್ಟಸ್ವಾಮಿ' ಎಂದು ಹಾಕಿಕೊಳ್ಳಲು ಬಿಟ್ಟರೆ ಸಾಕು, ನನಗೆ ಬೇರೇನೂ ಬೇಡ.

ಈ ಸಲದ ಸನ್ಮಾನ ಖಾದರ್ ಭಾಯಿಗೆ. ನಮ್ಮ ಮನೆಯ ಕಿಟಕಿಗೆ ನೇರ ಎದುರು, ರಸ್ತೆಯ ಆಚೆ ಬದಿಯಲ್ಲಿ ಅವರ ಬೋರ್ಡು ಬರೆಯುವ ಅಂಗಡಿ. ಪಕ್ಕದ ಹಳ್ಳಿ ಹಂಗಳದ ಟೀ ಅಂಗಡಿಯಿಂದ ಹಿಡಿದು ಊರಿನ ಅರ್ಧಕ್ಕರ್ಧ ಬೋರ್ಡು, ಲಾರಿಯ ಬೆನ್ನು, ಶಾಲೆಯ ಗೋಡೆ ಎಲ್ಲ ಅವರ ಕುಂಚದ್ದೇ. ಬರೆದವರು ಬೋರ್ಡಿನ ಮೂಲೆಯಲ್ಲಿ ತಮ್ಮ ಹೆಸರು ಹಾಕುವುದು ಆ ಕಸುಬಿನ ವಾಡಿಕೆ. ಖಾದರ್ ಭಾಯಿ ಮಾತ್ರ ಒಂದು ದಿನವೂ ಹಾಕಿದವರಲ್ಲ. "ಅಂಗ್ಡಿ ಅವರ್ದು, ಮಧ್ಯ ನನ್ ಹೆಸರ್ಯಾಕೆ ತೂರುಸ್ಲಿ?" ಎನ್ನುತ್ತಿದ್ದರು. ಈಗ ಎಲ್ಲ ಕಡೆ ಫ್ಲೆಕ್ಸ್ ಬಂದು ಅವರು ಕುಂಚ ಕೆಳಗಿಡುವ ಮಾತಾಡುತ್ತಿದ್ದರು. ಇಷ್ಟು ಜನರ ಹೆಸರನ್ನು ಚೆಂದ ಮಾಡಿದವರ ಹೆಸರೂ ಒಮ್ಮೆ ಚೆಂದದ ಅಕ್ಷರದಲ್ಲಿ ಗೋಡೆಯ ಮೇಲೆ ಇರಲಿ, ಅವರಿಗೆ ಮೊದಲೇ ಗೊತ್ತಾಗದ ಹಾಗೆ ಮಾಡೋಣ ಎಂದು ಬೀದಿಯವರೆಲ್ಲ ತೀರ್ಮಾನಿಸಿದೆವು. ನನಗೆ ದಿಗಿಲಾಗಿದ್ದೇ ಅಲ್ಲಿ. ಮದುವೆ ಊಟಕ್ಕೆ ಹೋದರೆ ಎಲೆಗಿಂತ ಮೊದಲು ಬಾಗಿಲ ಬೋರ್ಡಿನ ಅಕ್ಷರ ನೋಡಿ ಮುಖ ಕಿವುಚುವ ಮನುಷ್ಯ ಅವರು. ಅಂಥವರ ಕೈಗೆ ಸೊಟ್ಟ ಅಕ್ಷರದ ಬಿನ್ನವತ್ತಳೆ ಕೊಟ್ಟರೆ ಅದು ಸನ್ಮಾನವಾಗುತ್ತದೆಯೇ?

ನನ್ನ ಕಂಪ್ಯೂಟರಿನಲ್ಲಿ ಲಿನಕ್ಸ್ ಇದೆ. ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟ ಕಚೇರಿಯ ಗೆಳೆಯ, "ಇದು ಮುಕ್ತ ತಂತ್ರಾಂಶ ಸ್ವಾಮಿ, ಯಾರು ಬೇಕಾದ್ರೂ ಒಳಗೆ ಕೈ ಹಾಕಿ ಸರಿ ಮಾಡ್ಕೋಬಹುದು" ಎಂದಿದ್ದ. ಈ ಒಂದು ಮಾತು ನನ್ನನ್ನು ಹಾಳು ಮಾಡಿತು. ಕೈ ಹಾಕಬಹುದು ಎಂದ ಮೇಲೂ ಸುಮ್ಮನಿರಲು ನಾನೇನು ಸನ್ಯಾಸಿಯೇ? ಕನ್ನಡ ಅಕ್ಷರಗಳು ಅದರಲ್ಲಿ ಸೊರಗಿ ಕಡ್ಡಿಯಾಗಿದ್ದವು. ಅಂಚೆಲ್ಲ ಮೆಟ್ಟಿಲು ಮೆಟ್ಟಿಲು. ನನ್ನ ಹೆಸರು ಹೊಡೆದು ನೋಡಿದರೆ ಒತ್ತಕ್ಷರದ ಕಾಲು ಕೆಳಗಿನ ಸಾಲಿಗೆ ಸಿಕ್ಕಿ ಕತ್ತರಿಸಿಹೋಗಿತ್ತು. ಬಿನ್ನವತ್ತಳೆಯನ್ನು ಒಂದೇ ಸಂಜೆಗೆ ಮೂವತ್ತು ಸಾಲು ಬರೆದು ಮುಗಿಸಿದೆ. ಅಕ್ಷರ ನೆಟ್ಟಗೆ ಮಾಡಲು ಹಿಡಿದದ್ದು ಹನ್ನೊಂದು ದಿನ.

ಅಕ್ಷರದ ಗೆರೆಯನ್ನು ಪರದೆಯ ಚುಕ್ಕಿಗಳಿಗೆ ಹೊಂದಿಸಿ ಕೂರಿಸುವುದಕ್ಕೆ ಹಿಂಟಿಂಗ್ ಎನ್ನುತ್ತಾರೆ. ಅದರಲ್ಲಿ ಸ್ವಲ್ಪ, ಮಧ್ಯಮ, ಪೂರ್ತಿ ಎಂಬ ಮೂರು ಬಗೆ. ಅಂಚಿನ ಮೆಟ್ಟಿಲನ್ನು ಮಸುಕು ಮಾಡಿ ಮರೆಸುವುದು ಬೇರೆಯೇ ಒಂದು ವಿದ್ಯೆ. ಪೂರ್ತಿ ಹಿಂಟಿಂಗ್ ಕೊಟ್ಟರೆ ಅಕ್ಷರ ಪೊಲೀಸರ ಮುಂದೆ ನಿಂತ ಹಾಗೆ ಸೆಟೆದುಕೊಂಡಿತು. ತೆಗೆದರೆ ಮಂಜು ಕವಿಯಿತು. ಒಂದು ದಿನ ಬೇಡದ ಫಾಂಟುಗಳನ್ನು ಅಳಿಸುತ್ತೇನೆಂದು ಹೋಗಿ ಕನ್ನಡದ್ದನ್ನೇ ಅಳಿಸಿಬಿಟ್ಟೆ, ಮೂವತ್ತು ಸಾಲೂ ಖಾಲಿ ಚೌಕಗಳಾಗಿ ಕೂತವು. ಹಂಗಳದ ಕಡೆಯವಳಾದ ನನ್ನ ಹೆಂಡತಿ ಮಾದೇವಿ ಇಣುಕಿ ನೋಡಿ, "ಇದೇನ್ರೀ, ಸನ್ಮಾನಕ್ಕೆ ಇಟ್ಟಿಗೆ ಜೋಡುಸ್ತಾ ಇದ್ದೀರಾ? ಉಣ್ಣಕ್ಕೆ ಬತ್ತೀರೋ, ಅಕ್ಸರನೇ ತಿನ್ಕಂಡು ಕೂತ್ಕತೀರೋ?" ಎಂದಳು.

ಅಳಿಸಿದ್ದನ್ನು ಮತ್ತೆ ಹಾಕಿಕೊಂಡ ಮೇಲೂ ನನ್ನ ಕಣ್ಣಿನ ಮೇಲೆ ಭರವಸೆ ಸಾಲದೆ, ಆಫೀಸಿನ ಕಾಗದಕ್ಕೆ ಎಂದು ಸುಳ್ಳು ಹೇಳಿ ಖಾದರ್ ಭಾಯಿಯನ್ನೇ ಕರೆದೆ. ಪರದೆಯ ಮೇಲೆ ನನ್ನ ಹೆಸರನ್ನಷ್ಟೇ ದೊಡ್ಡದಾಗಿ ಹೊಡೆದಿಟ್ಟಿದ್ದೆ. ಅವರು ಒಳಗೆ ಬರಲೇ ಇಲ್ಲ. ಬೋರ್ಡು ಬರೆಯುವವರು ಅಕ್ಷರವನ್ನು ಹತ್ತಿರದಿಂದ ನೋಡುವುದಿಲ್ಲವಂತೆ. ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ, ಒಂದು ಆಟೋಗೆ ದಾರಿ ಬಿಟ್ಟು, ತಮ್ಮ ಅಂಗಡಿಯ ಹೊಸ್ತಿಲಲ್ಲಿ ನಿಂತು ಕಿಟಕಿಯೊಳಗೆ ಕಣ್ಣು ಕಿರಿದು ಮಾಡಿದರು. "ತಲೆಕಟ್ಟು ಯಾಕೆ ಸ್ವಾಮಣ್ಣ ಇಲಿ ಕಡ್ದಂಗದೆ?" ಎಂದು ಅಲ್ಲಿಂದಲೇ ಕೂಗಿದರು. ಆಮೇಲೆ ದಿನವೂ ನಾನು ಇಲ್ಲಿಂದ ತಿದ್ದುವುದು, ಅವರು ಅಲ್ಲಿಂದ ಕೂಗುವುದು. "ಒಟ್ಟೆ ದಪ್ಪ ಆಯ್ತು!" "ಉಸುರಾಡಕ್ಕೆ ಜಾಗ ಬುಡಿ!" ದಾರಿಹೋಕರು ಇದು ನನ್ನ ಆರೋಗ್ಯದ ವಿಚಾರ ಎಂದುಕೊಂಡಿರಬೇಕು. ಹನ್ನೊಂದನೆಯ ದಿನ ಹಿಂಟಿಂಗನ್ನು ಸ್ವಲ್ಪಕ್ಕೆ ಇಳಿಸಿ, ಸಾಲುಗಳ ನಡುವೆ ಜಾಗ ಬಿಟ್ಟು, ಮೈ ತುಂಬಿಕೊಂಡ ಒಂದು ಫಾಂಟು ಹಾಕಿದೆ. ರಸ್ತೆಯಾಚೆಯಿಂದ ಒಂದು ಕೈ ಮೇಲೆದ್ದಿತು. ಸಂತೋಷಕ್ಕೆ ನಾನು ಎರಡು ತಟ್ಟೆ ಊಟ ಮಾಡಿದೆ.

ಭಾನುವಾರ ಬೆಳಿಗ್ಗೆ ಸನ್ಮಾನ. ಶನಿವಾರ ಮಧ್ಯಾಹ್ನ ಚಾಮರಾಜನಗರದ ಒಂದು ಪ್ರಿಂಟಿಂಗ್ ಅಂಗಡಿಗೆ ಹೋಗಿ ಪೆನ್ ಡ್ರೈವ್ ಕೊಟ್ಟೆ. ಹೊರಬಂದ ಹಾಳೆಯಲ್ಲಿದ್ದದ್ದು ನನ್ನ ಅಕ್ಷರವೇ ಅಲ್ಲ. ನನ್ನ ಫಾಂಟು ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ಅದು ತನ್ನ ಬಳಿ ಇದ್ದ ಯಾವುದೋ ಬಡಕಲು ಫಾಂಟು ತೊಡಿಸಿ ಕಳಿಸಿತ್ತು. ಹನ್ನೊಂದು ದಿನದ ನನ್ನ ತಪಸ್ಸನ್ನು ಅಂಗಡಿಯವನಿಗೆ ವಿವರಿಸಿದೆ. ಆತ ಪೂರ್ತಿ ಕೇಳಿಸಿಕೊಂಡು, "ಆ ಹಿಂಟಿಂಗ್ ಗಿಂಟಿಂಗ್ ಎಲ್ಲ ನಿಮ್ಮನೆ ಪರದೆಗೆ ಮಾತ್ರ ಸಾರ್. ಪೇಪರ್‌ಗೂ ಅದಕ್ಕೂ ಸಂಬಂಧವೇ ಇಲ್ಲ" ಎಂದ. ಫಾಂಟನ್ನು ಮನೆಯಿಂದ ತಂದು ಮತ್ತೆ ಅಚ್ಚು ಹಾಕಿಸೋಣವೆಂದರೆ ಅಷ್ಟು ಹೊತ್ತಿಗೆ ಆತ ಬಾಗಿಲು ಹಾಕುತ್ತಾನೆ. ವಾಪಸು ಬರುವ ಬಸ್ಸಿನಲ್ಲಿ ತೆರಕಣಾಂಬಿ ದಾಟುವವರೆಗೂ ಆ ಹಾಳೆಯನ್ನು ಬಿಚ್ಚುವುದು, ಸುತ್ತುವುದು ಮಾಡುತ್ತಿದ್ದೆ. ನಿಜವಾಗಿ ಅಳು ಬರುವ ಹಾಗಿತ್ತು.

ಬಸ್ಸಿಳಿದವನು ನೇರ ಖಾದರ್ ಭಾಯಿಯ ಅಂಗಡಿಗೆ ಹೋಗಿ ಗುಟ್ಟು ಬಿಚ್ಚಿಟ್ಟೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಂಗೊತ್ತು ಬುಡಿ ಸ್ವಾಮಣ್ಣ. ನಿಮ್ ಕಿಟಕಿ ನಮ್ ಅಂಗ್ಡಿಗೇ ಮಖ ಮಾಡ್ಕಂಡದೆ. ಅಂಚು ನೋಡಕ್ಕೆ ಅಂತ ನೀವು ಅಕ್ಸರನ ಬೆರಳ್ ಗಾತ್ರ ಮಾಡ್ಕಂಡು ಕೂತಿದ್ರಿ. ದಿನಾ ಓದ್ತಾ ಇವ್ನಿ." ಆಮೇಲೆ ಹಾಳೆಯನ್ನು ತೆಗೆದುಕೊಂಡು, "ಈ 'ಶಾಂತ ಸ್ವಭಾವದ' ಅನ್ನೋದ ತಗೀರಿ, ಮನೇಲಿ ನಗ್ತಾರೆ. ಮತ್ತೆ ಮೂವತ್ತು ಸಾಲು ಓದಕ್ಕೆ ಯಾವ ಬಸ್ಸು ನಿಲ್ತದಣ್ಣ? ನಾಕು ಸಾಕು" ಎಂದರು. ಒಂದು ದಪ್ಪ ಬಿಳಿ ರಟ್ಟು ತೆಗೆದು, ಸಂಜೆ ಬೆಳಕು ಹೋಗುವುದರೊಳಗೆ ನಾಲ್ಕು ಸಾಲು ಬರೆದರು. ಪರದೆಯ ಮುಂದೆ ನಾನು ಹನ್ನೊಂದು ದಿನ ಹುಡುಕಿದ ಅಕ್ಷರ ಅಲ್ಲಿ ಒಂದೊಂದಾಗಿ ಇಳಿಯುತ್ತಿತ್ತು. ನಡುವೆ ಒಂದು ಕಡೆ ಮಾತ್ರ ಜಾಗ ಖಾಲಿ ಬಿಟ್ಟು ಕುಂಚವನ್ನು ನನ್ನ ಕೈಗೆ ಕೊಟ್ಟರು.

"ನನ್ ಹೆಸರ ನೀವು ಬರೀರಿ."

"ನಾನೇ? ನನ್ನ ಕೈಬರಹ ಎಲ್ಲ ಕೆಡಿಸಿಬಿಡುತ್ತೆ ಭಾಯಿ!"

"ಕೆಡ್ಲಿ. ನನ್ ಹೆಸರ ನಾನೇ ಬರ್ಕಂಡ್ರೆ ಅದು ಬೋರ್ಡಾಯ್ತದೆ. ನೀವು ಬರುದ್ರೆ ಸನ್ಮಾನ."

ಬರೆದೆ. 'ಅಬ್ದುಲ್ ಖಾದರ್' ಎಂಬಷ್ಟರಲ್ಲಿ ಬೆವರಿಳಿದು ಹೋಯಿತು. ತಲೆಕಟ್ಟು ಇಲಿ ಕಡಿದ ಹಾಗೆ, ಒತ್ತಕ್ಷರದ ಕಾಲು ಕೆಳಗಿನ ಸಾಲಿಗೆ ಸಿಕ್ಕಿಕೊಂಡು, ಲಿನಕ್ಸಿನಲ್ಲಿ ಮೊದಲ ದಿನ ಕಂಡಿತ್ತಲ್ಲ, ಥೇಟ್ ಹಾಗೇ ಬಂತು. ಇದಕ್ಕೆ ಹಿಂಟಿಂಗ್ ಕೊಡುವಂತೆಯೂ ಇರಲಿಲ್ಲ. ಖಾದರ್ ಭಾಯಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು ರಸ್ತೆ ದಾಟಿ ನಮ್ಮ ಕಿಟಕಿಯ ಹತ್ತಿರ ನಿಂತು ಬಹಳ ಹೊತ್ತು ನೋಡಿದರು. ಕೈ ಎತ್ತಲು ಹೋಗಿ, ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡರು. ಆಮೇಲೆ ವಾಪಸು ಬಂದು, ನಾನು ಬೇಡ ಬೇಡವೆಂದರೂ ಕೇಳದೆ, ಕೆಳಗೆ 'ರಚನೆ: ಪುಟ್ಟಸ್ವಾಮಿ' ಎಂದು ಅಕ್ಷರಕ್ಕೆ ನೆರಳು ಬಿಡಿಸಿ ಬರೆದು, ಅದರಡಿ ಒಂದು ಗೆರೆಯನ್ನೂ ಎಳೆದರು.

ಭಾನುವಾರ ಸನ್ಮಾನದಲ್ಲಿ ಕೊಟ್ಟ ಆ ರಟ್ಟು ಈಗ ಅವರ ಮನೆಯ ಗೋಡೆಯ ಮೇಲಿದೆ. ಬಂದವರೆಲ್ಲ, "ಎಲ್ಲಾ ಇಷ್ಟ್ ಚೆಂದಾಗದೆ, ನಿಮ್ ಹೆಸರ ಯಾರು ಭಾಯಿ ಇಂಗೆ ಕೆಡ್ಸಿರೋದು?" ಎಂದು ಕೇಳುತ್ತಾರಂತೆ. ಖಾದರ್ ಭಾಯಿ ಕೆಳಗಿನ ಸಾಲಿನ ಕಡೆ ಬೆರಳು ತೋರಿಸುತ್ತಾರೆ, ಅಷ್ಟೇ. ನನ್ನ ಹೆಸರು ಅವರ ಮನೆಯ ಹೊರಗೆ ರಸ್ತೆಯಲ್ಲಿ ನಿಂತವರಿಗೂ ಸ್ಪಷ್ಟವಾಗಿ ಕಾಣುತ್ತದೆ.