ಚಿಕ್ಕಪ್ಪನ ಹಗ್ಗದ ಬಸ್ಸು

ನಮ್ಮ ಚಿಕ್ಕಪ್ಪ ರಿಟೈರ್ ಆಗಿದ್ದಾರೆಂದು ಸರ್ಕಾರ ನಂಬಿಕೊಂಡಿದೆ. ಪೆನ್ಶನ್ನೂ ಕೊಡುತ್ತಿದೆ, ಪಾಪ! ಮೂವತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಈ ಮಹಾನುಭಾವರು ಈಗ ಬಸ್ಸಿಲ್ಲದೆಯೇ ಆ ಉದ್ಯೋಗ ಮುಂದುವರಿಸಿದ್ದಾರೆ. ಕೊರಳಲ್ಲಿ ಸೀಟಿ, ಕಿವಿಯ ಹಿಂದೆ ಪೆನ್ನು. ಮದುವೆ ಮನೆಯಲ್ಲಿ ಊಟದ ಹಾಲಿನ ಬಾಗಿಲಿಗೆ ನಿಂತು, "ಒಳಗ್ ಹೋಗ್ರೀ, ಹಿಂದ್ಗಡೆ ಜಾಗ ಐತೆ" ಎಂದು ಬೀಗರನ್ನೂ ತಳ್ಳುತ್ತಾರೆ. ನನ್ನ ತಂಗಿಯ ಮದುವೆಯಲ್ಲಿ ಮೂರನೇ ಗಂಟು ಬಿದ್ದದ್ದೇ ತಡ, ಎರಡು ಸಲ ಸೀಟಿ ಊದಿ "ರೈಟ್ ರೈಟ್!" ಎಂದುಬಿಟ್ಟರು. ಪುರೋಹಿತರಿಗೆ ಮುಂದಿನ ಮಂತ್ರವೇ ಮರೆತುಹೋಯಿತು.

ನಿಯಮವೆಂದರೆ ಅವರಿಗೆ ಪ್ರಾಣ. ಒಮ್ಮೆ ಅವರ ಸ್ವಂತ ಅತ್ತೆ, ಯುಗಾದಿ ಮರುದಿನದ ವರ್ಷತೊಡಕಿಗೆ ಅಳಿಯನಿಗೆಂದೇ ಬುಟ್ಟಿಯಲ್ಲಿ ನಾಟಿ ಕೋಳಿ ಇಟ್ಟುಕೊಂಡು ಶ್ರೀನಿವಾಸಪುರದಲ್ಲಿ ಅವರದೇ ಬಸ್ಸು ಹತ್ತಿದರು. ಅಳಿಯ ಕೋಳಿಗೂ ಅರ್ಧ ಟಿಕೆಟ್ ಹರಿದರು!

"ನಿಮ್ಗೇ ಸಾರು ಮಾಡೋಕ್ ತಂದಿರೋದಲ್ವಾ ಅಳಿಯಂದ್ರೇ?"

"ಸಾರಾದ್ಮೇಲೆ ಫ್ರೀ ಅತ್ತೆ. ಜೀವ ಇರೋವರ್ಗೂ ಅರ್ಧ."

ಅತ್ತೆ ಮುಂದಿನ ಸ್ಟಾಪಿನಲ್ಲೇ ಕೋಳಿಯ ಸಮೇತ ಇಳಿದು ವಾಪಸು ಹೋದರು. ಆ ವರ್ಷತೊಡಕಿಗೆ ಚಿಕ್ಕಪ್ಪನ ಮನೆಯಲ್ಲಿ ಬೇಳೆ ಸಾರು.

ಮಕ್ಕಳ ವಯಸ್ಸಿನ ವಿಷಯದಲ್ಲಂತೂ ಹೆತ್ತ ತಾಯಿಯ ಮಾತನ್ನೂ ನಂಬುತ್ತಿರಲಿಲ್ಲ. ಹಿಂದೆ ಶಾಲೆಗೆ ಸೇರಿಸುವಾಗ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರಲ್ಲ, ಬಸ್ಸಿನಲ್ಲೂ ಅದೇ ಪರೀಕ್ಷೆ. ಕೈ ಎಟುಕಿತೋ, ಆರು ತುಂಬಿತು, ಹರಿ ಟಿಕೆಟ್ಟು! ನನಗೂ ಹರಿದಿದ್ದಾರೆ. ಮೊನ್ನೆಯಷ್ಟೇ ಐದು ತುಂಬಿತೆಂದು ನನ್ನಮ್ಮ ಗೋಗರೆದರೂ, "ಕಿವಿ ಸುಳ್ಳು ಹೇಳಲ್ಲ ಅತ್ತಿಗೆ" ಎಂದರಂತೆ. ನನ್ನ ಕೈ ಉದ್ದವಾಗಿದ್ದರೆ ಅದು ನನ್ನ ತಪ್ಪೇ?

ಇಂಥವರಿಗೆ ಹೋದ ಬೇಸಿಗೆಯಲ್ಲಿ ಒಂದು ಹೊಸ ರೂಟು ಸಿಕ್ಕಿತು. ಮಳೆ ಕೈಕೊಟ್ಟಿದ್ದರಿಂದ ರಜೆಯಲ್ಲೂ ಶಾಲಾ ಮಕ್ಕಳಿಗೆ ಬಿಸಿಯೂಟ ಕೊಡಬೇಕೆಂದು ಆದೇಶವಾಗಿತ್ತು. ಒಳ್ಳೆಯ ಆದೇಶವೇ. ಆದರೆ ಮುಳಬಾಗಿಲಿನ ಆಚೆ, ಚಿಕ್ಕಪ್ಪನ ಊರೂ ಸೇರಿ ಮೂರು ಹಳ್ಳಿಗೆ ಒಂದೇ ಶಾಲೆಯಲ್ಲಿ ಒಲೆ. ನಡುವೆ ಲಾರಿಗಳು ಹಾರುವ ಹೆದ್ದಾರಿ. ಸೂಚನೆಯ ಕಾಗದವನ್ನು ಎಲ್ಲಿ ಅಂಟಿಸಿದ್ದರು ಗೊತ್ತೇ? ಬೀಗ ಹಾಕಿದ ಶಾಲೆಗಳ ಒಳಗಿನ ನೋಟಿಸ್ ಬೋರ್ಡಿನ ಮೇಲೆ! ರಜೆಯ ಮಕ್ಕಳು ಗೇಟು ಹಾರಿ ಹೋಗಿ ಓದಿಕೊಳ್ಳಲಿ ಎಂದೋ ಏನೋ. ಮೊದಲ ವಾರ ಉಣ್ಣಲು ಬಂದವರು ಒಂಬತ್ತು ಮಕ್ಕಳು. ತಪಾಸಣೆಗೆ ಬಂದ ಸಾಹೇಬರೊಬ್ಬರು ಎಳನೀರು ಹೀರುತ್ತ, "ಬೇಸಿಗೇಲಿ ಮಕ್ಕಳಿಗೆ ಹಸಿವು ಕಮ್ಮಿ" ಎಂಬ ಸತ್ಯವನ್ನು ಕಂಡುಹಿಡಿದರು. ಮುಂದಿನ ಶನಿವಾರ ಮತ್ತೆ ಬರುತ್ತೇನೆ, ಆಗಲೂ ಹೀಗೇ ಇದ್ದರೆ ಒಲೆ ಆರಿಸಿಬಿಡಿ ಎಂದು ಹೇಳಿ ಹೋದರು. ಅಪ್ಪ ಅಮ್ಮ ನಸುಕಿನಲ್ಲೇ ಟೊಮೇಟೊ ಕೀಳಲು ಹೋದ ಮನೆಗಳಲ್ಲಿ ಮಕ್ಕಳು ತಂಗಳು ಮುದ್ದೆ ತಿಂದು ಸಂಜೆಯವರೆಗೆ ಕಾಯುತ್ತಿದ್ದರು. ಅದನ್ನು ಬರೆದುಕೊಳ್ಳಲು ಸಾಹೇಬರ ಫಾರಂನಲ್ಲಿ ಜಾಗವಿರಲಿಲ್ಲ.

ಚಿಕ್ಕಪ್ಪ ಕೆಂಡವಾದರು. "ಪ್ಯಾಸೆಂಜರ್ ಇಲ್ಲ ಅಂತ ರೂಟ್ ಕ್ಯಾನ್ಸಲ್ಲಾ? ಸ್ಟಾಪೇ ಇಲ್ದೆ ಪ್ಯಾಸೆಂಜರ್ ಎಲ್ಲಿಂದ್ ಬರ್ತಾರ್ರೀ?"

ಸೀದಾ ಹಿತ್ತಲಿಗೆ ಹೋಗಿ ಹಗ್ಗ ಬಿಚ್ಚಿದರು. "ಅಯ್ಯೋ ದೇವುಡಾ! ಬಟ್ಟೆ ಒಣಗ್ಹಾಕೋ ಹಗ್ಗ ಕಣ್ರೀ ಅದು!" ಎಂದು ಚಿಕ್ಕಮ್ಮ ಬಾಯಿ ಬಡಿದುಕೊಂಡರು. ಯಾರು ಕೇಳಬೇಕು? ಹಗ್ಗಕ್ಕೆ ಮೊಳಕ್ಕೊಂದು ಗಂಟು. ಒಂದು ಗಂಟು, ಒಂದು ಸೀಟು. ಮಕ್ಕಳು ಗಂಟು ಹಿಡಿದು ಸಾಲಾಗಿ ಊಟದ ಶಾಲೆಗೆ ನಡೆಯಬೇಕು. ಮುಂದಿನ ಗಂಟುಗಳು ಮಹಿಳೆಯರಿಗೆ ಮೀಸಲು! ಹನ್ನೊಂದೂವರೆಗೆ ಸರಿಯಾಗಿ ಹುಣಸೆಮರದ ಸ್ಟಾಪು, ಆಮೇಲೆ ಮಸೀದಿ ಬೀದಿ, ಕೊನೆಗೆ ಹಿಪ್ಪುನೇರಳೆ ತೋಟ. ಹೆದ್ದಾರಿ ಬಂದರೆ ಚಿಕ್ಕಪ್ಪ ಕೈ ಅಡ್ಡ ಚಾಚಿ ಸೀಟಿ ಊದುತ್ತ ನಡುರಸ್ತೆಯಲ್ಲಿ ನಿಲ್ಲುತ್ತಿದ್ದರು. ಒಂದು ದಿನ ಲಾರಿಯವನೊಬ್ಬ ತಲೆ ಹೊರಗೆ ಹಾಕಿ, "ಏನ್ ತಾತಾ, ನಿನ್ ಬಸ್ಸಿಗೆ ಚಕ್ರಾಲು ಲೇವಾ?" ಎಂದ.

"ಅರವತ್ತೆರಡು ಕಾಲೈತೆ, ಸಾಲ್ದೇನೋ?"

ಒಂಬತ್ತು ಮಕ್ಕಳು ಮೂವತ್ತೊಂದಾಗಿದ್ದರು! ಹಗ್ಗ ಸಾಲದೆ ಚಿಕ್ಕಮ್ಮನ ಹಳೆಯ ಸೀರೆಯನ್ನೂ ಜೋಡಿಸಿದ್ದರು.

ಈ ಸರ್ಕಸ್ಸನ್ನು ವಿಡಿಯೋ ಮಾಡಿ ಮನೆಯವರ ಗ್ರೂಪಿಗೆ ಹಾಕಿ ನಗೋಣವೆಂದು ಶನಿವಾರ ಕೋಲಾರದಿಂದ ನಾನೂ ಹೋದೆ. ಸಾಹೇಬರು ಮಕ್ಕಳ ತಲೆ ಎಣಿಸಿದರು, ಮುಖ ಸಣ್ಣದು ಮಾಡಿಕೊಂಡರು, ಒಲೆ ಉರಿಯಲಿ ಎಂದರು. ಅಷ್ಟಕ್ಕೆ ಬಿಟ್ಟರೇ? ಸಾಲಿನ ಕೊನೆಯಲ್ಲಿ ತಟ್ಟೆ ಹಿಡಿದು ನಿಂತಿದ್ದ ಲಚ್ಚಿಯ ಮೇಲೆ ಕಣ್ಣು ಬಿತ್ತು. ಗಡಿಯಾಚೆಯಿಂದ ಕೂಲಿಗೆ ಬಂದವರ ಮಗಳು. ಅವಳ ಹೆಸರು ಯಾವ ಶಾಲೆಯಲ್ಲೂ ಇರಲಿಲ್ಲ.

ಹೆಡ್‌ಮೇಡಂ ಅಳುಕುತ್ತ ಹೇಳಿದರು: "ಅಕ್ಕಪಕ್ಕದೋರ ಜೊತೆ ಬರೋ ಪುಟ್ಟ ಮಕ್ಕಳಾದ್ರೆ ನಡೆಯುತ್ತೆ ಸಾರ್. ಆರು ತುಂಬಿ ಶಾಲೆಗೆ ಸೇರದೆ ಇದ್ರೆ ಬಡಿಸೋ ಹಾಗಿಲ್ಲ."

"ಇದಕ್ಕೆ ಎಷ್ಟು ವಯಸ್ಸು?" ಎಂದರು ಸಾಹೇಬರು.

ಚಿಕ್ಕಪ್ಪ ಮುಂದೆ ಬಂದರು. "ಪರೀಕ್ಷೆ ಮಾಡೋಣ ಸಾರ್. ಕಿವಿ ಮುಟ್ಟಮ್ಮಾ."

ಮುಗಿಯಿತು ಎಂದುಕೊಂಡೆ. ಕೋಳಿಯನ್ನೇ ಬಿಡದ ಮನುಷ್ಯ! ಲಚ್ಚಿ ತಟ್ಟೆಯನ್ನು ಎಡಗೈಗೆ ಬದಲಾಯಿಸಿ, ಬಲಗೈಯನ್ನು ನೆತ್ತಿಯ ಮೇಲೆ ಹಾಯಿಸಿದಳು. ಬೆರಳುಗಳು ಕಿವಿಯನ್ನು ಮುಟ್ಟಿದ್ದಲ್ಲ, ಪೂರ್ತಿ ಹಿಡಿದುಕೊಂಡಿದ್ದವು. ಗೆದ್ದೆನೆಂದು ನಗುತ್ತಿದ್ದಳು, ಹುಚ್ಚು ಹುಡುಗಿ. ಚಿಕ್ಕಪ್ಪ ಸಾಹೇಬರಿಗೆ ಬೆನ್ನು ಅಡ್ಡ ಕೊಟ್ಟು, ಅವಳ ಮೊಣಕೈಯನ್ನು ಮೆಲ್ಲಗೆ ಕೆಳಕ್ಕೆ ಎಳೆದರು.

"ಎಟುಕಲ್ಲ ಸಾರ್," ಎಂದರು. "ಇನ್ನೂ ಮಗು. ಫ್ರೀ."

ನಾನು ಫೋನನ್ನು ಜೇಬಿಗಿಟ್ಟೆ. ಅದೆಷ್ಟು ವರ್ಷ ಈ ಮನುಷ್ಯನನ್ನು ಆಡಿಕೊಂಡು ನಕ್ಕಿದ್ದೇನೆ! ನನಗೆ ನಾಚಿಕೆಯಾಯಿತು. ಲಚ್ಚಿಯ ತಟ್ಟೆಗೆ ಬಿಸಿ ಅನ್ನ ಬೀಳುವವರೆಗೂ ಚಿಕ್ಕಪ್ಪ ಅಲ್ಲಿಂದ ಕದಲಲಿಲ್ಲ.

ಜೂನಿನಲ್ಲಿ ಶಾಲೆ ತೆರೆಯಿತು. ಲಚ್ಚಿಯ ಅಪ್ಪ ಅಮ್ಮ ಹಿಪ್ಪುನೇರಳೆ ತೋಟದಲ್ಲೇ ಕೆಲಸಕ್ಕೆ ನಿಂತಿದ್ದರು. ಅವಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಕರೆದೊಯ್ದವರು ಚಿಕ್ಕಪ್ಪ. ಮೇಡಂ ಮುಂದೆ ನಿಲ್ಲಿಸಿ ಮತ್ತೆ ಕಿವಿ ಮುಟ್ಟಿಸಿದರಂತೆ.

"ಆವತ್ತು ಎಟುಕಲ್ಲ ಅಂದ್ರಲ್ಲ ಸಾರ್?" ಎಂದು ಮೇಡಂ ನಕ್ಕರಂತೆ.

"ಬೇಸಿಗೆಯೆಲ್ಲ ಹೊಟ್ಟೆ ತುಂಬಾ ಉಂಡವ್ಳೆ ಮೇಡಂ," ಎಂದರಂತೆ ಚಿಕ್ಕಪ್ಪ. "ಕೈ ಬೆಳೆದೈತೆ."