ಮೀನಿನ ತೊಟ್ಟಿಯ ಎಡಮೂಲೆ

ಯಾವುದನ್ನೂ ಒಂದೇ ಸಲಕ್ಕೆ ನಂಬುವ ಯೋಗ ನನ್ನ ಹಣೆಯಲ್ಲಿ ಬರೆದಿಲ್ಲ. ಬೀಗ ಹಾಕಿ, ಎಳೆದು ನೋಡಿ, ನಂಜನಗೂಡಿನ ಬಸ್‌ಸ್ಟ್ಯಾಂಡಿನವರೆಗೂ ಹೋದ ಮೇಲೆ, ಎಳೆದು ನೋಡಿದ್ದು ಇವತ್ತೋ ನಿನ್ನೆಯೋ ಎಂಬ ಅನುಮಾನ ಹುಟ್ಟಿ ಮನೆಗೆ ವಾಪಸು ಓಡಿ ಬಂದವನು ನಾನು. ಮದುವೆಯಲ್ಲಿ ತಾಳಿಯ ಮೂರನೇ ಗಂಟು ಹಾಕಿ, ಬಿಗಿಯಾಗಿದೆಯೇ ಎಂದು ಮೆಲ್ಲಗೆ ಎಳೆದು ನೋಡಿದೆನಂತೆ. ಟಿ. ನರಸೀಪುರದ ನನ್ನ ಹೆಂಡತಿಯ ಕಡೆಯವರು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ. ಈ ಕಾಯಿಲೆಗೆ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಸಂಬಳವನ್ನೂ ಕೊಡುತ್ತಾರೆ. ಅಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್; ಬೇರೆಯವರು ಸರಿಯಾಗಿಯೇ ಮಾಡಿದ್ದನ್ನು ಅನುಮಾನಿಸುವುದು ನನ್ನ ಕೆಲಸ. ತೊಂದರೆಯೆಂದರೆ, ಸಂಜೆ ನಾನು ಮನೆಗೆ ಹೊರಟರೆ ಅನುಮಾನವೂ ನನ್ನ ಜೊತೆಗೇ ಬಸ್ಸು ಹತ್ತುತ್ತದೆ.

ಇಂಥ ಮನುಷ್ಯ ತನ್ನ ಕೈಯಾರೆ ಮೀನಿನ ತೊಟ್ಟಿ ಕಟ್ಟಬಾರದು. ಅದೂ ಏಳು ಅಡಿ ಉದ್ದದ್ದು. ಅಂಗಡಿಯಲ್ಲಿ ಸಿಗುವ ಪುಟ್ಟ ಪುಟ್ಟ ತೊಟ್ಟಿಗಳಲ್ಲಿ ಮೀನುಗಳು ಆಸ್ಪತ್ರೆಯ ವರಾಂಡದಲ್ಲಿ ಕಾಯುವವರ ಹಾಗೆ ಅತ್ತಿಂದಿತ್ತ ತಿರುಗುವುದನ್ನು ನೋಡಿ ನನಗೆ ನನ್ನದೇ ನೆನಪಾಗಿ ಸಂಕಟವಾಗಿತ್ತು. ಕಟ್ಟಿದರೆ ನಡುಮನೆಯ ಗೋಡೆಯಷ್ಟುದ್ದ ಕಟ್ಟಬೇಕು ಎಂದು ನಿರ್ಧರಿಸಿದೆ. ಫೋನಿನಲ್ಲಿ ಸಿಕ್ಕ ವಿಡಿಯೋಗಳನ್ನೆಲ್ಲ ನೋಡಿದೆ. ತೊಟ್ಟಿ ಕಟ್ಟುವುದನ್ನು ತೋರಿಸುವವುಗಳಿಗಿಂತ ಒಡೆಯುವುದನ್ನು ತೋರಿಸುವವೇ ಹೆಚ್ಚು ಹಿಡಿಸಿದವು. ಗಾಜಿನಂಗಡಿಯವನು ಹೇಳಿದ್ದಕ್ಕಿಂತ ದುಪ್ಪಟ್ಟು ದಪ್ಪದ ಗಾಜು ಕೇಳಿದಾಗ ಅವನು ಅಳತೆಪಟ್ಟಿ ಕೆಳಗಿಟ್ಟು, "ಸಾ, ಇದು ಮೀನ್ಗಾ ಮೊಸಳೆಗಾ?" ಎಂದ.

ನಾನು ನಗಲಿಲ್ಲ. ಒಂದು ಟನ್ನಿನ ಹತ್ತಿರ ನೀರು ಮನೆಯೊಳಗೆ ನಿಲ್ಲುವ ವಿಷಯ ನಗುವಂಥದ್ದಲ್ಲ. ಕಬ್ಬಿಣದ ಸ್ಟ್ಯಾಂಡು ಮಾಡಿಸಿ ಮಟ್ಟ ನೋಡಿದೆ. ಗಾಜು ಗಟ್ಟಿ ಕಬ್ಬಿಣದ ಮೇಲೆ ಕೂತು ಬಿರುಕು ಬಿಡದಿರಲಿ ಎಂದು ನಡುವೆ ಥರ್ಮಾಕೋಲ್ ಹಾಸಿದೆ. ಗಾಜಿನ ಅಂಚುಗಳನ್ನು ಉಜ್ಜಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ಮೀನಿಗೆ ವಿಷವಾಗದ ಸಿಲಿಕಾನ್ ಅಂಟು ಹಾಕಿದೆ. ನೀರಿನ ಒತ್ತಡಕ್ಕೆ ಗೋಡೆ ಉಬ್ಬದಂತೆ ಮೇಲುಗಡೆ ಅಡ್ಡಪಟ್ಟಿಗಳನ್ನೂ ಕೂರಿಸಿದೆ. ಅಂಟು ಒಣಗುವವರೆಗೂ ಮನೆಯೆಲ್ಲ ಹುಳಿ ವಾಸನೆ. ನನ್ನ ಹೆಂಡತಿ ಮಂಗಳ ಉಪ್ಪಿನಕಾಯಿ ಕೆಟ್ಟಿತೆಂದು ಜಾಡಿಗಳನ್ನೆಲ್ಲ ತೆಗೆದು ಮೂಸಿದಳು. ಆಮೇಲೆ ದಿನಕ್ಕಿಷ್ಟು ಎಂದು ನೀರು ಏರಿಸುತ್ತಾ, ಬೆಳಿಗ್ಗೆ ಎದ್ದ ಕೂಡಲೇ ಮಂಡಿಯೂರಿ, ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿ, ಸ್ಟ್ಯಾಂಡಿನ ಅಡಿಯ ನೆಲವನ್ನು ಅಂಗೈಯಿಂದ ಸವರಿ, ಆ ಅಂಗೈಯನ್ನು ಮೂಗಿಗೆ ಹಿಡಿದು ಮೂಸುತ್ತಿದ್ದೆ. ನೆಲ ಒಣಗಿಯೇ ಇತ್ತು. ತೊಟ್ಟಿ ತುಂಬಿತು, ಮೀನು ಬಂದವು, ನೆಲ ಆಗಲೂ ಒಣಗಿತ್ತು. ಜೀವನದಲ್ಲಿ ಮೊದಲ ಬಾರಿಗೆ ಏನನ್ನೋ ನಂಬಬಹುದೇನೋ ಅನ್ನಿಸತೊಡಗಿತು.

ಅಷ್ಟರಲ್ಲಿ ಅತ್ತೆ ಮಂಡಿನೋವಿನ ಔಷಧಿಗೆಂದು, ಹೊಳೆಗಳ ಸಂಗಮವಿರುವ ನರಸೀಪುರದಿಂದ ಬಂದರು. ನಡುಮನೆಯಲ್ಲಿ, ತೊಟ್ಟಿಯ ಪಕ್ಕದಲ್ಲೇ ಅವರ ಮಂಚ. ಬಂದವರೇ ತೊಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡಿ, "ಇದೆಲ್ಲಾ ಕಪಿಲೆ ನೀರಾ ಅಳೀಮಯ್ಯ?" ಎಂದು ಕೇಳಿದರು. ನಮ್ಮ ನಲ್ಲಿಗೆ ಬರುವುದು ಆ ಹೊಳೆಯ ನೀರೇ ಆದ್ದರಿಂದ ಹೂಂ ಎಂದೆ. ಅದಾಗಿ ಎರಡು ದಿನಕ್ಕೆ, ಬೆಳಿಗ್ಗೆ ಬಗ್ಗಿ ಸವರಿದರೆ ಎಡಮೂಲೆಯ ಕೆಳಗೆ ಒದ್ದೆ. ಮೂಸಿದೆ. ಮೀನು!

ನಾನು ನಿಜಕ್ಕೂ ಹೆದರಿದೆ. ಒದ್ದೆ ಮಾರನೆಯ ದಿನವೂ ಇತ್ತು, ಅದರ ಮಾರನೆಯ ದಿನವೂ ಇತ್ತು, ಅದೇ ಮೂಲೆಯಲ್ಲಿ. ಒಂದು ಟನ್ ನೀರು, ದಪ್ಪ ಗಾಜು, ಪಕ್ಕದಲ್ಲಿ ಮಂಡಿನೋವಿನ ಮುದುಕಿ. ಕಾರ್ಖಾನೆಯಲ್ಲಿ ಕೂತಿದ್ದರೂ ಕಿವಿಯಲ್ಲಿ ಗಾಜು ಒಡೆದ ಶಬ್ದ. ಗಂಟೆಗೊಮ್ಮೆ ಫೋನ್ ಮಾಡಿ, "ಅತ್ತೆ ಹೇಗಿದ್ದಾರೆ?" ಎಂದು ಕೇಳುತ್ತಿದ್ದೆ. ಅಳಿಯನಿಗೆ ಎಷ್ಟು ಅಕ್ಕರೆ ಎಂದು ಅತ್ತೆ ನೆಂಟರಿಷ್ಟರಿಗೆಲ್ಲ ಹೇಳಿದರಂತೆ. ಕೊನೆಗೆ ಮೀನುಗಳನ್ನು ಡ್ರಮ್ಮಿಗೆ ಸಾಗಿಸಿ, ನೀರು ಖಾಲಿ ಮಾಡಿ, ಒಳಗಿನ ಅಂಟನ್ನೆಲ್ಲ ಬ್ಲೇಡಿನಲ್ಲಿ ಹೆರೆದು, ಹೊಸದಾಗಿ ಹಾಕಿ ಒಣಗಿಸಿದೆ. ಮತ್ತೆ ಹುಳಿ ವಾಸನೆ, ಮತ್ತೆ ಮಂಗಳಳ ಮುಖ. ಮತ್ತೆ ನೀರು ತುಂಬಿಸಿದ ಮಾರನೆಯ ಬೆಳಿಗ್ಗೆಯೇ ಎಡಮೂಲೆ ಒದ್ದೆ.

"ಎಲ್ಲಿಂದ ಸೋರ್ತದೋ ಏನೋ," ಎಂದು ಅತ್ತೆಯೂ ಪಾಪ ಮರುಗಿದರು. ಮಂಗಳ ಮರುಗಲಿಲ್ಲ. "ನೋಡ್ರೀ, ನಮ್ಮಮ್ಮನ ಪಕ್ಕದಲ್ಲಿ ಅನುಮಾನದ ಗಾಜು ಬೇಡ. ಭಾನುವಾರ ಇದನ್ನ ಬಿಚ್ಚಿಬಿಡಿ," ಎಂದಳು. ನನಗೆ ಅಳುವೇ ಬಂತು. ಕಟ್ಟಿದವನು ನಾನು, ನಂಬದವನೂ ನಾನು. ಯಾರ ಪರ ವಾದಿಸಲಿ? ಒಪ್ಪಿಕೊಂಡೆ.

ಭಾನುವಾರ ಮನಸ್ಸು ತಡೆಯದೆ ಎಂದಿಗಿಂತ ಮುಂಚೆ ಎದ್ದು, ಬ್ಲೇಡು ಹಿಡಿದು ನಡುಮನೆಗೆ ಬಂದೆ. ಅತ್ತೆ ಸ್ನಾನ ಮುಗಿಸಿ, ಒದ್ದೆ ತಲೆಗೆ ಟವೆಲ್ಲು ಸುತ್ತಿ ತೊಟ್ಟಿಯ ಎಡಮೂಲೆಯಲ್ಲಿ ನಿಂತಿದ್ದರು. ಗಾಳಿಯ ಪೈಪಿಗೂ ಮೀನಿನ ತಿಂಡಿಗೂ ಎಂದು ಮುಚ್ಚಳದಲ್ಲಿ ನಾನೇ ಬಿಟ್ಟಿದ್ದ ಅಗಲವಾದ ಕಿಂಡಿಯಲ್ಲಿ ಎರಡೂ ಕೈಯಿಳಿಸಿ ಒಂದು ಬೊಗಸೆ ನೀರೆತ್ತಿದರು. ಕಣ್ಣಿಗೊತ್ತಿಕೊಂಡರು, ತಲೆಗೆ ಚಿಮುಕಿಸಿಕೊಂಡರು. ಮಿಕ್ಕದ್ದನ್ನು ಹೊಳೆಗೆ ಬಿಡುವಂತೆ ಮುಂದಕ್ಕೆ ಬಿಟ್ಟರು. ಹೊಳೆಗೆ ಗಾಜಿನ ಗೋಡೆ ಇರುವುದಿಲ್ಲ. ನೀರು ತೊಟ್ಟಿಯ ಹೊರಮೈಮೇಲೆ ಸಲೀಸಾಗಿ ಇಳಿದು ನನ್ನ ಎಡಮೂಲೆಯನ್ನು ಸೇರಿತು.

"ಅತ್ತೆ, ಏನು ಮಾಡ್ತಿದ್ದೀರಿ!" ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು. ಮಂಗಳ ಓಡಿ ಬಂದಳು.

ಅತ್ತೆಗೆ ಗಾಬರಿಗಿಂತ ಆಶ್ಚರ್ಯ. "ಅಯ್ಯೋ, ಇದೇನ್ ಅಳೀಮಯ್ಯ ಇಂಗ್ ಕೇಳ್ತೀರಿ? ನೀವೇ ದಿನಾ ಎದ್ದೇಟ್ಗೆ ಮಂಡಿ ಊರಿ, ನೆಲಕ್ಕೆ ಅಡ್ಡಬಿದ್ದು, ಕೈನ ಮೊಕಕ್ಕೆ ಒತ್ಕತಿದ್ರಿ. ದೇವಸ್ಥಾನಕ್ಕೆ ಕರುದ್ರೂ ಬರ್ದೇ ಇರೋ ಅಳೀಮಯ್ಯನೇ ಗಂಗಮ್ಮಂಗೆ ಇಷ್ಟು ನಡ್ಕತಾವ್ರೆ, ಸಂಗಮದ್ ದಡದಲ್ಲಿ ಉಟ್ಟಿ ಬೆಳ್ದೋಳು ನಾನು ಸುಮ್ನೆ ನಿಂತು ನೋಡಾದಾ ಅಂತ ನಾನೂ ಶುರು ಮಾಡ್ದೆ ಕಣಪ್ಪಾ!"

ಮಂಗಳ ನೆಲದ ಮೇಲೆ ಕೂತು ನಕ್ಕಳು. ತಾಳಿಯ ಗಂಟಿನ ಕಥೆಗೆ ಇನ್ನೊಂದು ಸೇರಿಕೊಂಡು ಮಧ್ಯಾಹ್ನದೊಳಗೆ ನರಸೀಪುರ ತಲುಪಿತು. ತೊಟ್ಟಿ ಉಳಿಯಿತು. ಅತ್ತೆಯ ಬೊಗಸೆಯೂ ಉಳಿಯಿತು. ಅವರಿಗೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಪರೀಕ್ಷೆಗೆಂದು ಒಂದೆರಡು ದಿನ ನಿಲ್ಲಿಸಲಿ ಎಂದು ಮಂಗಳಳ ಕಿವಿಯಲ್ಲಿ ಹೇಳಿ ನೋಡಿದೆ. "ಇನ್ನು ನಮ್ಮಮ್ಮನಿಗೂ ಟೆಸ್ಟಿಂಗಾ?" ಎಂದು ಅವಳು ನೋಡಿದ ನೋಟಕ್ಕೆ ಪರೀಕ್ಷೆಯನ್ನು ಅಲ್ಲೇ ಕೈಬಿಟ್ಟೆ.

ಈಗ ಎಡಮೂಲೆ ದಿನವೂ ಒದ್ದೆ, ಮನೆಯವರೆಲ್ಲ ನೆಮ್ಮದಿ. ಆ ಒದ್ದೆ ಅತ್ತೆಯದು ಎಂದು ನಾನೂ ಕಣ್ಣಾರೆ ಕಂಡಿದ್ದೇನೆ, ಒಪ್ಪುತ್ತೇನೆ. ಆದರೆ ಅಷ್ಟೂ ಅತ್ತೆಯದೇನಾ? ಅದರ ಮರೆಯಲ್ಲಿ ತೊಟ್ಟಿಯೂ ಒಂದು ಹನಿ ಬಿಡುತ್ತಿದ್ದರೆ ಯಾರಿಗೆ ಗೊತ್ತಾಗುತ್ತದೆ? ಅದಕ್ಕೇ ಬೆಳಿಗ್ಗೆ ಎದ್ದು, ಅತ್ತೆಯ ಪಕ್ಕದಲ್ಲೇ, ಮೊದಲಿಗಿಂತಲೂ ಹೆಚ್ಚು ಹೊತ್ತು ಅಡ್ಡಬಿದ್ದಿರುತ್ತೇನೆ.