ಕಾಕಾನ ಉದ್ದನೆಯ ಜೀ

ನಮ್ಮ ಕಾಕಾ ನಾನು ಹುಟ್ಟುವ ಮೊದಲಿನಿಂದಲೂ ಗಾಯಕರು. ಆದರೆ ಇವತ್ತಿನವರೆಗೆ ಒಂದೇ ಒಂದು ಹಾಡನ್ನೂ ಹಾಡಿಲ್ಲ! ನಂಬುವುದಿಲ್ಲವೇ?

ಅಪ್ಪ, ಕಾಕಾ ಇಬ್ಬರೂ ಗದಗದ ಕಡೆಯ ಗೀಗೀ ಪದದ ಜೋಡಿ. ಅಣ್ಣನಾದ ಅಪ್ಪ ದಪ್ಪು ಬಡಿಯುತ್ತ ಕಥೆ ಹಾಡುತ್ತಾರೆ. ತಮ್ಮನಾದ ಕಾಕಾ ಪಕ್ಕದಲ್ಲಿ ನಿಂತು ತುಂತುಣಿ ಮೀಟುತ್ತ, ಪ್ರತಿ ಸಾಲಿನ ಬಾಲ ಹಿಡಿದು "ಜೀ ಜೀ ಜೀ" ಎಂದು ಎಳೆಯುತ್ತಾರೆ. ಕಾಕಾನ ಸಂಗೀತ ಜೀವನ ಅಷ್ಟೇ, ಮುಗಿಯಿತು! ತುಂತುಣಿಯಾದರೂ ಎಂಥದ್ದು? ಈ ಕೊಲ್ಲಿ ದೇಶದಲ್ಲಿ, ಶುವೈಖ್‌ನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿರುವ ಕಾಕಾ, ಹಾಲಿನ ಪುಡಿಯ ಡಬ್ಬಿಗೆ ಬ್ರೇಕ್ ವಯರಿನ ಒಂದೆಳೆ ಬಿಗಿದು ತಾವೇ ಮಾಡಿಕೊಂಡದ್ದು. ಅದರ ಸದ್ದು ಕೇಳಿ ಅಬು ಹಲೀಫಾದ ನಮ್ಮ ಬಿಲ್ಡಿಂಗಿನ ಕಾವಲುಗಾರ ಲಿಫ್ಟ್ ಕೆಟ್ಟಿದೆಯೆಂದು ಫೋನ್ ಮಾಡಿದ್ದ. ರಿಪೇರಿಯವರು ಬಂದೂ ಹೋದರು!

ಇಷ್ಟನ್ನು ಸಹಿಸಬಹುದಿತ್ತು. ಹೋದ ವರ್ಷ ಅಪ್ಪ ಬಿ.ಪಿ. ಹೆಚ್ಚಾಯಿತೆಂದು ಆಸ್ಪತ್ರೆ ಸೇರಿ ಬಂದರಲ್ಲ, ಆಮೇಲೆ ಕಾಕಾನ ಹುಚ್ಚು ಸ್ಟೇಜಿನಿಂದ ಬೀದಿಗಿಳಿಯಿತು. ಅಪ್ಪ ಬಾಯಿ ಬಿಟ್ಟಲ್ಲೆಲ್ಲ ಕಾಕಾನ ಜೀ! ರಾಯ್ ಬಡಾವಣೆಯ ಶೋರೂಮಿಗೆ ಸೋಫಾ ಕೊಳ್ಳಲು ಹೋಗಿದ್ದೆವು. ಅಪ್ಪ ಸೇಲ್ಸ್‌ಮನ್‌ಗೆ "ಭಾಯಿ, ಇಸ್ ಕಾ..." ಎಂದು ಬೆಲೆ ಕೇಳಹೊರಟು ನಿಲ್ಲಿಸಿದರೋ ಇಲ್ಲವೋ, ಹಿಂದಿನಿಂದ ರಾಗ ಎದ್ದಿತು: "ಜೀ... ಜೀಜೀ... ದಾಮ್ ಜೀ!"

ಅದೇ ಹೊತ್ತಿಗೆ ಬಾಗಿಲಲ್ಲಿ ಯಾರು? ನನ್ನ ಕ್ಲಾಸಿನ ಹುಡುಗಿಯರು! ನಾನು ಎದುರಿಗಿದ್ದ ಕಪಾಟಿನ ಬಾಗಿಲು ತೆರೆದು ಒಳಗೆ ನಿಂತೆ. ಬೇರೊಬ್ಬ ಗಿರಾಕಿಗೆ ತೋರಿಸಲೆಂದು ಅದನ್ನು ತೆರೆದ ಸೇಲ್ಸ್‌ಮನ್ ಕಿರುಚಿದ ರೀತಿ ನೋಡಬೇಕಿತ್ತು!

ಕಾರಿನಲ್ಲಿ ಜಗಳ ತೆಗೆದೆ. "ಕಾಕಾ, ಪ್ಲೀಸ್, ಪಬ್ಲಿಕ್‌ನಲ್ಲಿ ಬೇಡ. ಸೋ ಎಂಬರಾಸಿಂಗ್!"

"ಯಾಕವ್ವಾ? ನನ್ನ ಧ್ವನಿ ಚಲೋ ಇಲ್ಲೇನ?"

"ನೀವು ಹಾಡೋದೇ ಇಲ್ಲ, ಬರೀ ಜೀ ಅಂತೀರಿ!"

"ಜೀ ಇಲ್ದಿದ್ರ ಪದ ಬೀಳ್ತೈತಿ ಬಿಡ," ಎಂದು ಕಾಕಾ ಹಾರ್ನ್ ಹೊಡೆದರು.

ಆಮೇಲೆ ಬಂತು ಕನ್ನಡ ಸಂಘದ ಕಾರ್ಯಕ್ರಮ. ಈ ಸಲ ಬೇಡವೆಂದು ಅವ್ವ ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ. "ಹಾಡೂದು ಬಿಟ್ರ ನಾ ಖಲಾಸ್," ಎಂದುಬಿಟ್ಟರು. ನನ್ನ ದುರದೃಷ್ಟ, ಅದೇ ಹುಡುಗಿಯರು ನನ್ನ ಹಿಂದಿನ ಸಾಲಿನಲ್ಲೇ!

ಅಪ್ಪ ಎರಡು ನುಡಿ ಗುಡುಗಿದರು. ಮೂರನೆಯದಕ್ಕೆ ಬಾಯಿ ತೆರೆದವರು ಹಾಗೇ ನಿಂತರು. ಕಾಕಾ "ಜೀ..." ಎಂದರು. ಎಳೆದರು. ಇನ್ನೂ ಎಳೆದರು. ಆ ಜೀ ಅಷ್ಟು ಹೊತ್ತಿಗೆ ಸೌದಿ ಗಡಿ ದಾಟಿ, ವಾಸಕ್ಕೆ ಇಕಾಮಾ ಪರವಾನಗಿ ಮಾಡಿಸಿಕೊಂಡು, ಅಲ್ಲೇ ಕೆಲಸಕ್ಕೂ ಸೇರಿರಬೇಕು! ಸಭೆ ಬಿದ್ದು ಬಿದ್ದು ನಕ್ಕಿತು. ನಾನು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು, ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ.

ಪಕ್ಕದಲ್ಲಿ ಅವ್ವ ಮಾತ್ರ ನಗುತ್ತಿರಲಿಲ್ಲ. ಅವಳ ಕೈ ನನ್ನ ತೋಳನ್ನು ಹಿಸುಕುತ್ತಿತ್ತು. ದುಪಟ್ಟಾ ಸರಿಸಿ ನೋಡಿದೆ. ಕಾಕಾ ಜೀ ಎಳೆಯುತ್ತಲೇ ಅಪ್ಪನ ಕಿವಿಗೆ ಬಾಗಿದ್ದರು. ಆ ರಾಗದೊಳಗೇ ಮುಂದಿನ ಸಾಲಿನ ಮೊದಲ ಮಾತು ಜಾರಿಸಿದರು. ಅಪ್ಪನ ಕಣ್ಣು ಹೊಳೆಯಿತು, ದಪ್ಪು ಸಿಡಿಯಿತು, ಪದ ಹೊರಟಿತು. ಕಾಕಾ ತಮಾಷೆಗೆ ಎಳೆದರೆಂದುಕೊಂಡು ಸಭೆ ಚಪ್ಪಾಳೆ ಹೊಡೆಯಿತು.

"ಬರೀ ಬಿ.ಪಿ. ಅಲ್ಲವ್ವಾ ಅದು," ಅವ್ವ ಪಿಸುಗುಟ್ಟಿದಳು. "ತಲಿಯಾಗ ರಕ್ತ ಹೆಪ್ಪುಗಟ್ಟಿತ್ತು. ಆವಾಗಿಂದ ನಿಮ್ಮಪ್ಪಗ ಮಾತು ನಡುವ ಸಿಗೂದಿಲ್ಲ. ಮಂದಿಗೆ ಗೊತ್ತಾಗಬಾರ್ದಂತ ನಿಮ್ಮ ಕಾಕಾ..."

ಅವಳ ಮಾತೂ ಅಲ್ಲಿಗೇ ನಿಂತಿತು. ಸೋಫಾದ ಅಂಗಡಿ ನೆನಪಾಯಿತು. ಕಪಾಟಿಗಿಂತ ಚಿಕ್ಕ ಜಾಗ ಬೇಕಿತ್ತು ನನಗೆ.

ಮನೆಗೆ ಮರಳುವಾಗ ಕಾರಿನಲ್ಲಿ ಕೇಳಿದೆ: "ಕಾಕಾ, ನಿಮಗೆ ಪದ ಪೂರ್ತಿ ಬರ್ತಾವಲ್ಲ? ನೀವೇ ಹಾಡಬಹುದಿತ್ತಲ್ಲ?"

"ನಾ ಹಾಡಿದ್ರ ಅಣ್ಣ ಏನ್ ಮಾಡ್ಬೇಕು?" ಎಂದರು, ಸ್ಟೇರಿಂಗ್ ತಿರುಗಿಸುತ್ತ.

ಮುಂದಿನ ಸೀಟಿನಲ್ಲಿದ್ದ ಅಪ್ಪ ನನ್ನತ್ತ ತಿರುಗಿದರು. "ನಾಳೆ ಶುಕ್ರವಾರ, ರಜಾ. ಎಲ್ಲಾರೂ ಕೂಡಿ..." ಮಾತು ನಿಂತಿತು. ಕಾಕಾ ಲೇನ್ ಬದಲಿಸುವುದರಲ್ಲಿದ್ದರು.

"ಜೀ..." ಎಂದಿತು ಹಿಂದಿನ ಸೀಟು. ನನ್ನದೇ ಧ್ವನಿ. ಶ್ರುತಿ ಪೂರ್ತಿ ತಪ್ಪಿತ್ತು.

"ಎಳಿಯವ್ವಾ," ಎಂದರು ಕಾಕಾ, "ಇನ್ನಷ್ಟು ಎಳಿ."

ಎಳೆದೆ.

"...ಸಮುದ್ರಕ್ಕ ಹೋಗೂಣು," ಎಂದರು ಅಪ್ಪ.